ಗಾಳಿಗಿಡವೂ ಗಾಳಿಯ ತೇವವೂ

ಬೆಂಗಳೂರಿನ ಸಸಿ ಮಾರುವ ಅಂಗಡಿಗಳಲ್ಲಿ ಈಗ ಕೆಲವು ವರ್ಷಗಳಿಂದ ಒಂದು ವಿಚಿತ್ರವಾದ ಗಿಡ ಕಾಣಸಿಗುತ್ತಿದೆ. ಅದಕ್ಕೆ ಕುಂಡವಿಲ್ಲ, ಮಣ್ಣಿಲ್ಲ. ಬೂದಿ ಬಳಿದಂತಿರುವ ಮೊನಚಾದ ಎಲೆಗಳದೊಂದು ಕುಚ್ಚು. ಬುಡದಲ್ಲಿ ನಾಲ್ಕಾರು ಒಣಬೇರುಗಳು, ಅವೂ ಆಸರೆಯನ್ನು ಹಿಡಿದುಕೊಳ್ಳುವುದಕ್ಕೆ ಮಾತ್ರ. ದಾರದಲ್ಲಿ ತೂಗಹಾಕಿ ಮಾರುತ್ತಾರೆ. ಮಣ್ಣು ಬೇಡ, ನೀರು ಬೇಡ, ಗಾಳಿಯಲ್ಲಿರುವ ತೇವವನ್ನೇ ಕುಡಿದು ಬದುಕುತ್ತದೆ ಎಂಬುದು ಅಂಗಡಿಯವರ ಭರವಸೆ. ಗಿಡದ ಹೆಸರು ಟಿಲ್ಯಾಂಡ್ಸಿಯ. ವ್ಯವಹಾರದಲ್ಲಿ ಅದು ಏರ್ ಪ್ಲಾಂಟ್. ನಾವು ಗಾಳಿಗಿಡವೆಂದು ಕರೆಯೋಣ.

ಈ ಭರವಸೆಯನ್ನು ನಂಬಿ ನಾವು ಒಂದು ಗಿಡವನ್ನು ತಂದು ಓದುವ ಕೋಣೆಯ ಕಿಟಕಿಯ ಬಳಿ ತೂಗಹಾಕಿದೆವು. ಆಗ ಚಳಿಗಾಲದ ಕೊನೆ. ಯುಗಾದಿಯ ಹೊತ್ತಿಗೆ ಎಲೆಗಳು ಒಳಮುಖವಾಗಿ ಸುರುಳಿ ಸುತ್ತಿಕೊಂಡವು. ಬೇಸಗೆ ಮುಗಿಯುವುದರೊಳಗೆ ಗಿಡ ಒಣಹುಲ್ಲಾಯಿತು. ಗಾಳಿಯಲ್ಲಿ ತೇವ ಸಾಲದೆ ಹೋಯಿತೆಂದು ತೀರ್ಮಾನಿಸಿ, ಎರಡನೆಯ ಗಿಡವನ್ನು ಗಾಜಿನ ಜಾಡಿಯೊಳಗಿಟ್ಟು, ಬಾಯಿಗೆ ಮುಚ್ಚಳ ಹಾಕಿ, ದಿನಕ್ಕೆರಡು ಸಲ ನೀರನ್ನು ಸಿಂಪಡಿಸಿದೆವು. ಒಳಗಿಟ್ಟ ಆರ್ದ್ರತಾಮಾಪಕವು ಸದಾ ತೊಂಬತ್ತಕ್ಕಿಂತ ಮೇಲೆಯೇ ತೋರಿಸುತ್ತಿತ್ತು. ನಮಗೆ ಬಹಳ ಸಮಾಧಾನ. ಮೂರು ವಾರ ಕಳೆಯುವಷ್ಟರಲ್ಲಿ ಬುಡ ಕಪ್ಪಾಗಿ, ಮುಟ್ಟಿದರೆ ಎಲೆಗಳು ಒಂದೊಂದಾಗಿ ಕಳಚಿಬಂದವು. ಮೊದಲನೆಯದು ಒಣಗಿ ಸತ್ತಿತು, ಎರಡನೆಯದು ಕೊಳೆತು ಸತ್ತಿತು. ವರ್ಷವರ್ಷವೂ ತರಗತಿಯಲ್ಲಿ ಆರ್ದ್ರತೆಯ ಪಾಠವನ್ನು ಹೇಳುವ ನಮಗೆ ಇದು ನಾಚಿಕೆಗೆ ಕಾರಣವಾಯಿತೆಂದರೆ ತಪ್ಪಲ್ಲ. ಪಠ್ಯಪುಸ್ತಕದಲ್ಲಿ ನಾಲ್ಕು ಪುಟಗಳಷ್ಟಿರುವ ಆ ಪಾಠವನ್ನು ಈ ಗಿಡವನ್ನು ಮುಂದಿಟ್ಟುಕೊಂಡು ಮತ್ತೊಮ್ಮೆ ಓದಬೇಕಾಯಿತು.

ಗಾಳಿಗಿಡಗಳ ತವರು ಅಮೆರಿಕ ಖಂಡಗಳು. ಸಂಯುಕ್ತ ಸಂಸ್ಥಾನಗಳ ದಕ್ಷಿಣಭಾಗದಿಂದ ಅರ್ಜೆಂಟೀನದವರೆಗೆ ಇವುಗಳ ಆರುನೂರಕ್ಕೂ ಹೆಚ್ಚು ಪ್ರಭೇದಗಳು ಹರಡಿಕೊಂಡಿವೆ. ಮರದ ಕೊಂಬೆ, ಬಂಡೆ, ಕಳ್ಳಿ ಯಾವುದಾದರೂ ಆದೀತು. ರಿಕರ್ವಾಟ ಎಂಬ ಪ್ರಭೇದವಂತೂ ವಿದ್ಯುತ್ ತಂತಿಗಳ ಮೇಲೆ ಹಕ್ಕಿಯ ಗೂಡುಗಳಂತೆ ಸಾಲಾಗಿ ಬೆಳೆಯುತ್ತದೆ. ಮಾವಿನ ಮರದ ಮೇಲೆ ಬೆಳೆಯುವ ಬದನಿಕೆಯಾದರೆ ಮರದ ರಸಕ್ಕೆ ಬಾಯಿಹಾಕುತ್ತದೆ. ತಂತಿಯಲ್ಲಿ ಹೀರಲು ರಸವೆಲ್ಲಿಂದ ಬರಬೇಕು? ಆದುದರಿಂದ ಗಾಳಿಗಿಡ ನಮ್ಮ ಮಲೆನಾಡಿನ ಸೀತಾಳೆ ದಂಡೆಯ ಜಾತಿಯ ಬದುಕನ್ನು ಬದುಕುವಂಥದು: ಆಸರೆ ಮಾತ್ರ ಪರರದು, ಅನ್ನವೆಲ್ಲ ಸ್ವಂತದ್ದು. ಇದರ ಕುಟುಂಬದ ಗಿಡಗಳು ನಮ್ಮ ಕಾಡುಗಳಲ್ಲಿ ತಾವಾಗಿ ಹುಟ್ಟಿದವಲ್ಲ. ಆದರೆ ಒಬ್ಬ ನೆಂಟ ಎಂದೋ ಬಂದು ಬನವಾಸಿಯ ಕಡೆಯ ಹೊಲಗಳಲ್ಲಿ ನೆಲಸಿದ್ದಾನೆ. ಅವನೇ ಅನಾನಸು.

ಈ ಗಿಡಕ್ಕೆ ಹೆಸರಿಟ್ಟವನು ಸ್ವೀಡನ್ನಿನ ಲಿನೇಯಸ್. ಹದಿನೇಳನೆಯ ಶತಮಾನದಲ್ಲಿ ಎಲಿಯಾಸ್ ಟಿಲ್ಯಾಂಡ್ಸ್ ಎಂಬ ವೈದ್ಯನಿದ್ದ, ಸಸ್ಯಶಾಸ್ತ್ರವನ್ನೂ ಬಲ್ಲವನು. ಒಮ್ಮೆ ಹಡಗಿನಲ್ಲಿ ಹೋಗುವಾಗ ಪಟ್ಟ ಪಾಡಿಗೆ ಹೆದರಿ, ಹಿಂದಿರುಗುವಾಗ ಕೊಲ್ಲಿಯನ್ನು ಬಳಸಿಕೊಂಡು ನೂರಾರು ಮೈಲಿ ನೆಲದ ಮೇಲೆಯೇ ನಡೆದನೆಂದು ಕಥೆಯುಂಟು. ಈ ಗಿಡಗಳಿಗೂ ಅವನಂತೆಯೇ ನೀರು ಕಂಡರಾಗದೆಂದು ಭಾವಿಸಿ ಲಿನೇಯಸ್ ಅವಕ್ಕೆ ಅವನ ಹೆಸರನ್ನಿಟ್ಟ. ತಮಾಷೆಯಲ್ಲಿ ಇಟ್ಟ ಹೆಸರಿನಲ್ಲಿಯೂ ತಪ್ಪು ತಿಳಿವಳಿಕೆ ಸೇರಿಕೊಂಡಿತು. ನಮ್ಮ ಅಂಗಡಿಯವರ ತಪ್ಪು ಹೊಸದೇನೂ ಅಲ್ಲ!

ಹಾಗಾದರೆ ನೀರು ಎಲ್ಲಿಂದ ಒಳಹೋಗುತ್ತದೆ? ಎಲೆಯಿಂದಲೇ. ಭೂತಗನ್ನಡಿಯಲ್ಲಿ ನೋಡಿದರೆ ಎಲೆಯ ಮೇಲಿನ ಬೂದಿ ಬಣ್ಣವೆಲ್ಲ ಒತ್ತೊತ್ತಾಗಿ ಕೂತ ಬಿಳಿಯ ಶಲ್ಕಗಳೆಂದು ತಿಳಿಯುತ್ತದೆ. ಅನಾನಸಿನ ಎಲೆಯ ಕೆಳಮೈಯಲ್ಲಿಯೂ ಇಂಥದೇ ಬಿಳಿಯ ಹೊದಿಕೆಯನ್ನು ನೀವು ಕಂಡಿರಬಹುದು. ಒಂದೊಂದು ಶಲ್ಕವೂ ಒಂದು ಪುಟ್ಟ ಕೊಡೆಯಂತಿದೆ. ಕೊಡೆಯ ಅಗಲವಾದ ಭಾಗ ಸತ್ತ ಜೀವಕೋಶಗಳದು. ಅದರ ನಡುವೆ ಕೆಳಗಿಳಿಯುವ ಗಿಡ್ಡ ಕಾಲಿನಲ್ಲಿ ಮಾತ್ರ ಜೀವವಿರುವ ಕೋಶಗಳಿವೆ. ನೀರು ಬಿದ್ದೊಡನೆ ಸತ್ತ ಕೋಶಗಳು ಅದನ್ನು ಹೀರುಕಾಗದದಂತೆ ತುಂಬಿಕೊಳ್ಳುತ್ತವೆ. ಕಾಲಿನ ಜೀವಕೋಶಗಳು ಅಭಿಸರಣದಿಂದ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಜರ್ಮನಿಯ ಸಸ್ಯಶಾಸ್ತ್ರಜ್ಞ ಕಾರ್ಲ್ ಮೆಟ್ಸ್ ೧೯೦೪ರಲ್ಲಿಯೇ ಈ ಶಲ್ಕಗಳ ಕೆಲಸವನ್ನು ವಿವರಿಸಿ, ಅವನ್ನು ಸಣ್ಣ ಪಂಪುಗಳೆಂಬಂತೆ ಚಿತ್ರಿಸಿದ್ದನು.

ಒಳಹೋದ ನೀರು ಅದೇ ದಾರಿಯಿಂದ ಹೊರಗೆ ಆರಿಹೋಗಬೇಡವೆ? ಆರಿಹೋಗುವುದಿಲ್ಲ, ಇದರ ಗುಟ್ಟು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಬಹಳ ರುಚಿಸುವಂಥದು. ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ ಬೆಳೆಯುವ ಲ್ಯಾಂಡ್‌ಬೆಕಿಯೈ ಎಂಬ ಗಾಳಿಗಿಡವನ್ನು ಪರೀಕ್ಷಿಸಿದ ಮೂವರು ಸಂಶೋಧಕರು ೨೦೨೦ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಶಲ್ಕದ ಮೇಲುಗೋಡೆ ದಪ್ಪವಾದುದು, ತೇವವನ್ನು ಹೀರುವಂಥದು. ಅದರ ಅಡಿಯಲ್ಲಿ ಜೀವಕೋಶದ ತೆಳುವಾದ ಪೊರೆ. ಶಲ್ಕ ಒದ್ದೆಯಾಗಿರುವಾಗ ಹೊರಗಿನಿಂದ ಪೊರೆಯವರೆಗೂ ನೀರು ದ್ರವವಾಗಿಯೇ ತುಂಬಿರುವುದರಿಂದ ಸರಾಗವಾಗಿ ಒಳಗೆ ಹರಿಯುತ್ತದೆ. ಹೊರಗೆ ಒಣಗಿತೆಂದರೆ ದ್ರವದ ಮೇಲ್ಮೈ ಗೋಡೆಯ ಅಡಿಗೆ ಸರಿದುಬಿಡುತ್ತದೆ. ಆಗ ನೀರು ಹೊರಗೆ ಹೋಗಬೇಕಾದರೆ ಆವಿಯಾಗಿ ಆ ದಪ್ಪ ಗೋಡೆಯೊಳಗೆ ನುಸುಳಬೇಕು. ಒಳಬರುವುದು ಹೆದ್ದಾರಿ, ಹೊರಹೋಗುವುದು ಇರುಕಿನ ಕಾಲುದಾರಿ. ಎರಡರ ಸರಾಗತೆಗೂ ೫೮೦೦ ಪಟ್ಟು ಅಂತರವೆಂದು ಅವರು ಕಂಡುಕೊಂಡರು. ಅಲುಗುವ ಬಿಡಿಭಾಗ ಒಂದೂ ಇಲ್ಲದ ಕವಾಟ ಇದು. ಕೃತಕ ಪೊರೆಗಳಿಂದ ಅದರ ಪ್ರತಿರೂಪವನ್ನು ಮಾಡಿ ಪರೀಕ್ಷಿಸಿಯೂ ನೋಡಿದರು.

ಇಲ್ಲಿ ಗಮನಿಸಬೇಕಾದುದು ಒಂದೇ ಮಾತು: ಒಳಗೆ ಹೋಗುವುದು ದ್ರವರೂಪದ ನೀರು. ಅಟಕಾಮದಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ಆದರೆ ಶಾಂತಸಾಗರದಿಂದ ಕಾವಳ ತೇಲಿಬರುತ್ತದೆ. ಅಲ್ಲಿಯವರು ಅದನ್ನು ಕಮಂಚಾಕ ಎನ್ನುತ್ತಾರೆ. ಕಾವಳವೆಂದರೆ ನೀರಿನ ಆವಿಯಲ್ಲ, ಕಣ್ಣಿಗೆ ಕಾಣುವಷ್ಟು ದಟ್ಟವಾಗಿ ತೇಲುತ್ತಿರುವ ನೀರಿನ ಹನಿಗಳು. ಆವಿಯಾದರೋ ಕಾಣುವುದೇ ಇಲ್ಲ. ನಾವು ಮಾತಿನಲ್ಲಿ ಎರಡನ್ನೂ 'ತೇವ' ಎಂಬ ಒಂದೇ ಚೀಲಕ್ಕೆ ತುರುಕುತ್ತೇವೆ. ಗಿಡ ಹಾಗೆ ಮಾಡುವುದಿಲ್ಲ.

ಗಿಡವು ಆವಿಯನ್ನು ಏಕೆ ಕುಡಿಯಲಾರದು? ಲೆಕ್ಕ ಹಾಕಿ ನೋಡಬಹುದು. ಅಸಂತೃಪ್ತವಾದ ಗಾಳಿ ನೀರನ್ನು ತನ್ನ ಕಡೆಗೆ ಎಳೆಯುತ್ತದೆ. ಆ ಎಳೆತವನ್ನು ಒತ್ತಡದ ರೂಪದಲ್ಲಿ ಹೇಳಲು ಉಷ್ಣಗತಿ ವಿಜ್ಞಾನದಲ್ಲಿ ಸೂತ್ರವಿದೆ. ೨೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಸಾಪೇಕ್ಷ ಆರ್ದ್ರತೆ ನೂರಕ್ಕೆ ೯೦ ಇದ್ದರೆ ಈ ಎಳೆತ ಸುಮಾರು ೧೪೦ ವಾತಾವರಣಗಳಷ್ಟಾಗುತ್ತದೆ. ನೂರಕ್ಕೆ ೫೦ ಇದ್ದರೆ ೯೦೦ ವಾತಾವರಣಗಳನ್ನೂ ಮೀರುತ್ತದೆ. ನೂರಕ್ಕೆ ೯೯ ಇದ್ದಾಗ ಕೂಡ ಹದಿಮೂರಕ್ಕೆ ಕಡಿಮೆಯಿಲ್ಲ. ಗಾಳಿಗಿಡದ ಜೀವಕೋಶಗಳ ರಸಕ್ಕಿರುವ ಅಭಿಸರಣ ಒತ್ತಡವಾದರೋ ಹತ್ತು ವಾತಾವರಣಗಳ ಆಸುಪಾಸಿನದು, ಅನೇಕ ವೇಳೆ ಅದಕ್ಕೂ ಕಡಿಮೆ. ಹಗ್ಗಜಗ್ಗಾಟದ ಒಂದು ತುದಿಯಲ್ಲಿ ಹತ್ತು ಮಂದಿ, ಇನ್ನೊಂದು ತುದಿಯಲ್ಲಿ ನೂರನಲವತ್ತು ಮಂದಿ ನಿಂತರೆ ಹಗ್ಗ ಯಾವ ಕಡೆಗೆ ಹೋಗುವುದೆಂದು ಕೇಳಬೇಕೆ? ನಮ್ಮ ಜಾಡಿಯೊಳಗಿನ ತೊಂಬತ್ತು ಗಿಡಕ್ಕೆ ಗುಟುಕು ನೀರನ್ನೂ ಕೊಟ್ಟಿರಲಿಲ್ಲ.

ಇದಕ್ಕೆ ಎದುರಾಗಿ ಒಂದು ಆಕ್ಷೇಪ ಬರಬಹುದು. ಸ್ಪ್ಯಾನಿಷ್ ಮಾಸ್ ಎಂಬ ಹೆಸರಿನ ಗಾಳಿಗಿಡವೊಂದಿದೆ. ಋಷಿಗಳ ಗಡ್ಡದಂತೆ ಜೋತುಬೀಳುವ ಬೂದಿ ಬಣ್ಣದ ಎಳೆಗಳು. (ಅದು ಸ್ಪೇನಿನದೂ ಅಲ್ಲ, ಹಾವಸೆಯೂ ಅಲ್ಲ.) ಅದನ್ನು ತೇವದ ಗಾಳಿಯಲ್ಲಿಟ್ಟು ತೂಗಿದರೆ ತೂಕ ಹೆಚ್ಚುತ್ತದೆಯಲ್ಲ? ನಿಜ. ಆದರೆ ಒಣಗಿ ಸತ್ತ ಎಳೆಗಳನ್ನಿಟ್ಟರೆ ಅವುಗಳ ತೂಕವೂ ಹೆಚ್ಚುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಹತ್ತಿಬಟ್ಟೆಯ ತೂಕವೂ ಹೆಚ್ಚುತ್ತದೆ. ಸತ್ತ ಶಲ್ಕಗಳು ತೇವವನ್ನು ಹೀರಿದ ಮಾತ್ರಕ್ಕೆ ಜೀವಕೋಶಗಳು ಕುಡಿದವೆಂದಾಗದು.

ಗಾಳಿಯ ಆರ್ದ್ರತೆಯಿಂದ ಗಿಡಕ್ಕೆ ಏನೂ ಸಂಬಂಧವಿಲ್ಲವೆಂದು ಇದರಿಂದ ಯಾರೂ ತಿಳಿಯಬಾರದು. ಸಂಬಂಧವಿರುವುದು ಆದಾಯದಲ್ಲಲ್ಲ, ವೆಚ್ಚದಲ್ಲಿ. ಗಿಡದಿಂದ ನೀರು ಎಷ್ಟು ಬೇಗ ಆರುತ್ತದೆ ಎಂಬುದನ್ನು ಗಾಳಿ ನಿರ್ಧರಿಸುತ್ತದೆ. ಅದನ್ನು ತಿಳಿಯಲು ಸಾಪೇಕ್ಷ ಆರ್ದ್ರತೆಯೊಂದೇ ಸಾಲದು. ೨೦ ಡಿಗ್ರಿಯಲ್ಲಿ ನೀರಿನ ಸಂತೃಪ್ತ ಆವಿಯ ಒತ್ತಡ ಪಾದರಸದ ೧೭.೫ ಮಿಲ್ಲಿಮೀಟರು, ೩೩ ಡಿಗ್ರಿಯಲ್ಲಿ ೩೭.೭. ಏಪ್ರಿಲ್ ತಿಂಗಳ ಒಂದು ಬೆಳಗಿನ ಜಾವ ಕೋಣೆಯಲ್ಲಿ ೨೦ ಡಿಗ್ರಿ ಉಷ್ಣತೆ, ನೂರಕ್ಕೆ ೮೦ರಷ್ಟು ಆರ್ದ್ರತೆ ಇವೆಯೆಂದು ಇಟ್ಟುಕೊಳ್ಳೋಣ. ಗಾಳಿಯಲ್ಲಿರುವ ಆವಿಯ ಒತ್ತಡ ೧೪ ಮಿಲ್ಲಿಮೀಟರು. ಸಂತೃಪ್ತಿಗೆ ಕೊರತೆ ಮೂರೂವರೆ. ಮಧ್ಯಾಹ್ನ ೩೩ ಡಿಗ್ರಿಯಾಯಿತು. ಆವಿ ಒಂದು ಹನಿಯೂ ಹೆಚ್ಚಲಿಲ್ಲ, ಕುಗ್ಗಲಿಲ್ಲ; ಆದರೂ ಮಾಪಕ ೩೭ಕ್ಕೆ ಇಳಿಯುತ್ತದೆ, ಕೊರತೆ ಸುಮಾರು ೨೪ ಮಿಲ್ಲಿಮೀಟರಿಗೆ ಏರುತ್ತದೆ. ಆರುವ ವೇಗ ಈ ಕೊರತೆಯನ್ನು ಅನುಸರಿಸುತ್ತದೆ. ಆದುದರಿಂದ ಒದ್ದೆ ಬಟ್ಟೆ ಜಾವದಲ್ಲಿ ಆರುವುದಕ್ಕಿಂತ ಮಧ್ಯಾಹ್ನ ಹೆಚ್ಚುಕಡಿಮೆ ಏಳು ಪಟ್ಟು ಬೇಗ ಆರುತ್ತದೆ.

ಹಾಗೆಯೇ ೫೦ ಎಂಬ ಅಂಕಿಯೂ ಎಲ್ಲೆಡೆ ಒಂದೇ ಅಲ್ಲ. ೨೪ ಡಿಗ್ರಿಯ ಹವಾನಿಯಂತ್ರಿತ ಕೋಣೆಯಲ್ಲಿ ೫೦ ಎಂದರೆ ಕೊರತೆ ೧೧ ಮಿಲ್ಲಿಮೀಟರು. ೩೫ ಡಿಗ್ರಿಯ ಕೋಣೆಯಲ್ಲಿ ಅದೇ ೫೦ ಎಂದರೆ ೨೧. ಹವಾನಿಯಂತ್ರಣ ಯಂತ್ರ ಗಿಡಗಳ ಶತ್ರುವೆಂದು ಸಾಮಾನ್ಯವಾಗಿ ಹೇಳುವರು. ಯಂತ್ರದ ಗಾಳಿ ನೇರವಾಗಿ ಮೈಮೇಲೆ ಬೀಸದಿದ್ದರೆ, ನಮ್ಮ ಬೇಸಗೆಯ ಮಧ್ಯಾಹ್ನವೇ ಅದಕ್ಕಿಂತ ದೊಡ್ಡ ಶತ್ರುವೆಂದು ನಮಗೆ ತೋರುತ್ತದೆ.

ಈ ಲೆಕ್ಕವನ್ನು ಗಾಳಿಗಿಡ ನಮಗಿಂತ ಮುಂಚೆಯೇ ಕಲಿತಿದೆ. ಉಳಿದ ಗಿಡಗಳಂತೆ ಅದು ಹಗಲಲ್ಲಿ ಪತ್ರರಂಧ್ರಗಳನ್ನು ತೆರೆಯುವುದಿಲ್ಲ. ಕೊರತೆ ಕಡಿಮೆಯಿರುವ ರಾತ್ರಿಯಲ್ಲಿ ತೆರೆದು, ಇಂಗಾಲದ ಡೈಆಕ್ಸೈಡನ್ನು ಮಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡು, ಹಗಲಲ್ಲಿ ಬಾಗಿಲು ಮುಚ್ಚಿ ಅದರಿಂದ ಅಡಿಗೆ ಮಾಡಿಕೊಳ್ಳುತ್ತದೆ. ಅನಾನಸು, ಕಾಡುಬಸಳೆಗಳದೂ ಇದೇ ಪದ್ಧತಿ. ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿದ್ದು ಮಧ್ಯಾಹ್ನದ ಹೊತ್ತಿಗೆ ಸಪ್ಪೆಯಾಗುವುದನ್ನು ಭಾರತದಲ್ಲಿ ರುಚಿ ನೋಡಿ ಗುರುತಿಸಿದವನು ಬೆಂಜಮಿನ್ ಹೈನೆ. ಒಂದು ಕಾಲಕ್ಕೆ ನಮ್ಮ ಲಾಲ್‌ಬಾಗಿನ ಮೇಲ್ವಿಚಾರಣೆಯನ್ನು ನೋಡಿಕೊಂಡವನು. ಅವನ ಬರೆಹ ೧೮೧೫ರಲ್ಲಿ ಅಚ್ಚಾಯಿತು.

ಇನ್ನು ಕೋಣೆಯ ಗಾಳಿಯನ್ನೇ ತೇವಗೊಳಿಸುವ ಉಪಾಯಗಳನ್ನು ನೋಡೋಣ. ನಾಲ್ಕು ಮೀಟರು ಉದ್ದ, ಮೂರು ಮೀಟರು ಅಗಲ, ಮೂರು ಮೀಟರು ಎತ್ತರದ ಕೋಣೆಯಲ್ಲಿ ೩೬ ಘನಮೀಟರು ಗಾಳಿ ಇರುತ್ತದೆ. ೨೫ ಡಿಗ್ರಿಯಲ್ಲಿ ಒಂದು ಘನಮೀಟರು ಸಂತೃಪ್ತವಾಗಲು ೨೩ ಗ್ರಾಂ ಆವಿ ಬೇಕು. ಇಡೀ ಕೋಣೆಗೆ ಸುಮಾರು ೮೩೦ ಗ್ರಾಂ. ಸಿಂಪಡಿಸುವ ಸೀಸೆಯಿಂದ ಹತ್ತು ಗ್ರಾಂ ನೀರನ್ನು ಗಾಳಿಗೆ ಎರಚಿದೆವೆನ್ನೋಣ. ಆರ್ದ್ರತೆ ಏರುವುದು ನೂರಕ್ಕೆ ಒಂದಿಷ್ಟು ಚಿಲ್ಲರೆ! ನೂರಕ್ಕೆ ೪೦ರಿಂದ ೬೦ಕ್ಕೆ ಏರಿಸಲು ೧೬೬ ಗ್ರಾಂ ಬೇಕು. ಅಷ್ಟರಿಂದ ಕೆಲಸ ಮುಗಿಯಿತೆ? ಕಿಟಕಿ ಬಾಗಿಲುಗಳ ಸಂದುಗಳಿಂದ ಗಂಟೆಗೊಮ್ಮೆ ಗಾಳಿ ಪೂರ್ತಿಯಾಗಿ ಬದಲಾಗುವುದಾದರೆ ಪ್ರತಿ ಗಂಟೆಯೂ ಅಷ್ಟೇ ನೀರನ್ನು ಒದಗಿಸಬೇಕು. ದಿನಕ್ಕೆ ನಾಲ್ಕು ಲೀಟರು. ಕಿಟಕಿ ತೆರೆದ ಮನೆಯಲ್ಲಿ ಗಾಳಿ ಅದಕ್ಕಿಂತ ಎಷ್ಟೋ ವೇಗವಾಗಿ ಬದಲಾಗುತ್ತದೆ. ತಟ್ಟೆಯಲ್ಲಿ ಬೆಣಚುಕಲ್ಲು ಹಾಸಿ ನೀರು ತುಂಬಿ ಗಿಡದ ಕೆಳಗಿಡುವ ಪದ್ಧತಿಯೊಂದಿದೆ. ಒಂದಡಿ ಚೌಕದ ತಟ್ಟೆಯಿಂದ ದಿನಕ್ಕೆ ಮೂರು ಮಿಲ್ಲಿಮೀಟರಿನಷ್ಟು ನೀರು ಆರಿತೆಂದು ಉದಾರವಾಗಿಯೇ ಲೆಕ್ಕ ಹಿಡಿದರೂ ಕೋಣೆಯ ಆರ್ದ್ರತೆ ಏರುವುದು ಮತ್ತೆ ಅದೇ ಒಂದಿಷ್ಟು ಚಿಲ್ಲರೆ. ಹಟ ಹಿಡಿದು ಯಂತ್ರದಿಂದ ತೇವವನ್ನು ತುಂಬಿದರೆ ಗಿಡಕ್ಕಿಂತ ಮೊದಲು ಕಪಾಟಿನ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ.

ಆದುದರಿಂದ ನೀರನ್ನು ಕುಡಿಸಬೇಕಾದುದು ಗಿಡಕ್ಕೆ, ಕೋಣೆಗಲ್ಲ. ಬಕೆಟ್ಟಿನಲ್ಲಿ ನೀರು ತುಂಬಿ, ವಾರಕ್ಕೊಮ್ಮೆ ಇಡೀ ಗಿಡವನ್ನು ಇಪ್ಪತ್ತು ಮೂವತ್ತು ನಿಮಿಷ ಮುಳುಗಿಸಿಡುವುದೇ ಸುಲಭವಾದ ಮಾರ್ಗ. ಬಯಲುಸೀಮೆಯ ಬೇಸಗೆಯಲ್ಲಿ ಎರಡು ಸಲ. ಸಿಂಪಡಿಸುವುದಾದರೆ ತೊಟ್ಟಿಕ್ಕುವಷ್ಟು ಸಿಂಪಡಿಸಬೇಕು. ಬೆಂಗಳೂರಿನ ಕೊಳವೆಬಾವಿಗಳ ಗಡುಸುನೀರು ಇದಕ್ಕೆ ಹಿತವಲ್ಲ. ಕುದಿಸುವ ಪಾತ್ರೆಯಲ್ಲಿ ಬಿಳಿಯ ಸುಣ್ಣ ಕಟ್ಟುವಂತೆ ಶಲ್ಕಗಳ ಮೇಲೂ ಕಟ್ಟುತ್ತದೆ. ಮಳೆಯ ನೀರು ಶ್ರೇಷ್ಠ. ಮತ್ತೊಂದು ಮಾತು: ಪ್ರಯೋಗಶಾಲೆಯಲ್ಲಿ ಹೇರಳವಾಗಿ ಸಿಗುವುದೆಂದು ಗಿಡವನ್ನು ತಾಮ್ರದ ತಂತಿಯಿಂದ ಕಟ್ಟಬಾರದು. ಈ ಕುಟುಂಬದ ಗಿಡಗಳಿಗೆ ತಾಮ್ರ ವಿಷ.

ಕುಡಿಸುವುದು ಅರ್ಧ ಕೆಲಸ, ಒಣಗಿಸುವುದು ಉಳಿದರ್ಧ. ನಮ್ಮ ಎರಡನೆಯ ಗಿಡವನ್ನು ಕೊಂದದ್ದು ಇದರ ಅಜ್ಞಾನವೇ. ಎಲೆಯ ಮೇಲೆ ನೀರಿನ ಪದರ ನಿಂತಿರುವವರೆಗೆ ಗಿಡ ಉಸಿರುಕಟ್ಟಿಕೊಂಡಿರುತ್ತದೆ. ಇಂಗಾಲದ ಡೈಆಕ್ಸೈಡು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಎಲೆಗಳ ಬುಡದ ಸಂದಿಯಲ್ಲಿ ನಿಂತ ನೀರಿನಲ್ಲಿ ಬೂಷ್ಟುಗಳು ಬೆಳೆಯುತ್ತವೆ. ತವರಿನಲ್ಲಾದರೆ ಕಾವಳ ತೊಯ್ಯಿಸಿದ್ದನ್ನು ಬಿಸಿಲೂ ಗಾಳಿಯೂ ಬೇಗನೆ ಆರಿಸಿಬಿಡುತ್ತವೆ. ಕೋಣೆಯಲ್ಲಿ ಆ ಗಾಳಿಯಿಲ್ಲ. ಮುಚ್ಚಿದ ಜಾಡಿಯಲ್ಲಂತೂ ಏನೇನೂ ಇಲ್ಲ. ನೀರಿನಿಂದ ತೆಗೆದೊಡನೆ ಗಿಡವನ್ನು ತಲೆಕೆಳಗಾಗಿ ಹಿಡಿದು ಕೊಡವಿ, ಮೂರು ನಾಲ್ಕು ಗಂಟೆಗಳೊಳಗೆ ಆರುವ ಕಡೆ ಇಡಬೇಕು. ರಾತ್ರಿ ಅದು ಉಸಿರಾಡಬೇಕಾದುದರಿಂದ ಮುಳುಗಿಸುವ ಕೆಲಸ ಬೆಳಗ್ಗೆಯೇ ಆಗಬೇಕು.

ಎಲ್ಲ ಊರಿಗೂ ಒಂದೇ ನಿಯಮವನ್ನು ಹೇಳಲಾಗದು ಎಂಬುದು ಈಗ ಸ್ಪಷ್ಟವಾಗಿರಬೇಕು. ಜುಲೈ ತಿಂಗಳಲ್ಲಿ ಮಲೆನಾಡಿನ ಮನೆಯೊಳಗೆ ೨೨ ಡಿಗ್ರಿ ಉಷ್ಣತೆ, ನೂರಕ್ಕೆ ೯೫ ಆರ್ದ್ರತೆ ಇದ್ದರೆ ಕೊರತೆ ಬರಿಯ ಒಂದು ಮಿಲ್ಲಿಮೀಟರು. ನಾವು ಮೇಲೆ ಹೇಳಿದ ಏಪ್ರಿಲ್ ಮಧ್ಯಾಹ್ನದ ಇಪ್ಪತ್ತನಾಲ್ಕನೆಯ ಒಂದು ಪಾಲು. ಅಲ್ಲಿ ಒಂದು ಗಂಟೆಯಲ್ಲಿ ಆರುವ ಗಿಡ ಇಲ್ಲಿ ಇಡೀ ದಿನ ಒದ್ದೆಯಾಗಿಯೇ ಇದ್ದೀತು. ಆ ದಿನಗಳಲ್ಲಿ ಮುಳುಗಿಸುವುದನ್ನು ಬಹಳ ಕಡಿಮೆ ಮಾಡಿ, ಮುಳುಗಿಸಿದ ದಿನ ಫ್ಯಾನಿನ ಕೆಳಗಿಡುವುದು ಲೇಸು. ಎಲೆಯನ್ನು ಅಂಟಿಕೊಂಡಿರುವ ನಿಶ್ಚಲವಾದ ಗಾಳಿಯ ಪದರವನ್ನು ಫ್ಯಾನು ತೆಳುವಾಗಿಸುತ್ತದೆ.

ಕೊರತೆಯನ್ನು ಅಳೆಯುವುದಕ್ಕೆ ದುಬಾರಿ ಉಪಕರಣ ಬೇಡ. ಎರಡು ಉಷ್ಣಮಾಪಕಗಳನ್ನು ತಂದು, ಒಂದರ ಬುರುಡೆಗೆ ತೆಳುವಾದ ಮಲ್ಲು ಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ನೀರಿನಲ್ಲಿ ಅದ್ದಿ, ಎರಡಕ್ಕೂ ಬೀಸಣಿಗೆಯಿಂದ ಗಾಳಿ ಹಾಕಬೇಕು. ಒಣಬುರುಡೆ ೩೦, ಒದ್ದೆಬುರುಡೆ ೨೨ ತೋರಿಸಿತೆನ್ನೋಣ. ೨೨ ಡಿಗ್ರಿಯ ಸಂತೃಪ್ತ ಒತ್ತಡವಾದ ೧೯.೮ರಿಂದ, ಎರಡು ಓದುಗಳ ಅಂತರದ ಅರ್ಧವನ್ನು, ಅಂದರೆ ೪ನ್ನು ಕಳೆದರೆ ಗಾಳಿಯಲ್ಲಿರುವ ಆವಿಯ ಒತ್ತಡ ಸುಮಾರಾಗಿ ದೊರೆಯುತ್ತದೆ: ೧೫.೮ ಮಿಲ್ಲಿಮೀಟರು. ೩೦ ಡಿಗ್ರಿಯ ಸಂತೃಪ್ತ ಒತ್ತಡ ೩೧.೮. ಕೊರತೆ ೧೬, ಸಾಪೇಕ್ಷ ಆರ್ದ್ರತೆ ನೂರಕ್ಕೆ ೫೦. ಅಂಗಡಿಯಲ್ಲಿ ಸಿಗುವ ಅಂಕಿಯ ಮಾಪಕವನ್ನೇ ಬಳಸುವವರು ಅದನ್ನು ಮೊದಲು ಪರೀಕ್ಷಿಸಿಕೊಳ್ಳಲಿ. ಅಡಿಗೆಯ ಉಪ್ಪಿಗೆ ಸ್ವಲ್ಪ ನೀರು ಬೆರಸಿ, ಒದ್ದೆ ಮರಳಿನಂತೆ ಮಾಡಿ, ಮಾಪಕದೊಡನೆ ಬಿಗಿಯಾದ ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಬಿಟ್ಟರೆ ಅದು ೭೫ ತೋರಿಸಬೇಕು. ನಮ್ಮ ಜಾಡಿಯಲ್ಲಿದ್ದ ಮಾಪಕ ೮೨ ತೋರಿಸಿತು!

ಆದರೆ ಗಿಡವೇ ಒಂದು ಮಾಪಕವನ್ನು ಮೈಮೇಲೆ ಹೊತ್ತುಕೊಂಡಿದೆ. ಒಣಗಿರುವಾಗ ಶಲ್ಕಗಳೊಳಗೆ ಗಾಳಿ ತುಂಬಿದ್ದು, ಬೆಳಕು ಚೆದರಿ ಎಲೆ ಬೂದಿಯಾಗಿ ಕಾಣುತ್ತದೆ. ನೀರು ತುಂಬಿದಾಗ ಶಲ್ಕ ಪಾರದರ್ಶಕವಾಗಿ ಅಡಿಯ ಹಸುರು ಹೊಳೆಯುತ್ತದೆ. ಎಣ್ಣೆ ಬಿದ್ದ ಕಾಗದದಲ್ಲಿ ನಡೆಯುವುದೂ ಇದೇ. ಗಿಡವನ್ನು ನೀರಿನಿಂದ ತೆಗೆದ ಗಳಿಗೆಯಿಂದ ಹಸುರು ಮತ್ತೆ ಬೂದಿಯಾಗುವವರೆಗೆ ಹಿಡಿಯುವ ಹೊತ್ತನ್ನು ಗಡಿಯಾರ ನೋಡಿ ಬರೆದಿಡಿ. ಜೊತೆಗೆ ಆ ಹೊತ್ತಿನ ಕೊರತೆಯನ್ನೂ ಬರೆದಿಡಿ. ಒಂದು ವರ್ಷದ ಅಂಕಿಗಳನ್ನು ನಕ್ಷೆಯ ಕಾಗದದಲ್ಲಿ ಗುರುತಿಸಿದರೆ ಎರಡಕ್ಕೂ ಇರುವ ನಂಟು ಕಾಣುತ್ತದೆ. ಕಿಟಕಿ ಬದಲಾದರೆ ನಕ್ಷೆಯೂ ಬದಲಾಗುವುದು. ಬುಡದ ಸಂದಿಗಳು ಎಲ್ಲಕ್ಕಿಂತ ಕೊನೆಗೆ ಆರುವುದರಿಂದ ಅಲ್ಲಿಯೇ ಕಣ್ಣಿಡಬೇಕು.

ನಮ್ಮ ಮೂರನೆಯ ಗಿಡ ಅಯೊನ್ಯಾಂತ ಎಂಬ ಪ್ರಭೇದದ್ದು. ಅದು ಪೂರ್ವದ ಕಿಟಕಿಯಲ್ಲಿ ಮೀನು ಹಿಡಿಯುವ ನೈಲಾನ್ ದಾರದಿಂದ ತೂಗುತ್ತಿದೆ. ಭಾನುವಾರ ಬೆಳಗ್ಗೆ ಸ್ನಾನದ ಬಕೆಟ್ಟಿನಲ್ಲಿ ಅರ್ಧ ಗಂಟೆ, ಆಮೇಲೆ ನಡುಮನೆಯ ಫ್ಯಾನಿನ ಕೆಳಗೆ ಎರಡು ಗಂಟೆ. ಜಾಡಿಯಲ್ಲಿ ಈಗ ಉಪ್ಪಿನಕಾಯಿ ಇದೆ.